ಕೊಡೆ ಕಂಪನಿ ಕೇಳಿದ ಪ್ರಶ್ನೆ

ಕೊಡೆ ಕಂಪನಿಯನ್ನು ಬಿಟ್ಟುಹೋಗುವವರು ತಮ್ಮ ಪ್ರಯಾಣದ ಖರ್ಚನ್ನು ಹೋಗುವ ಮುಂಚೆಯೇ ಕೇಳಿಬಿಡಬೇಕು. ಕೊನೆಯ ಸಂಬಳದ ಚೀಟಿ ಹೊರಬಿದ್ದ ಮೇಲೆ ಬಾಗಿಲು ಮುಚ್ಚುತ್ತದೆ. ಇದನ್ನು ನನಗೆ ಫೋನಿನಲ್ಲಿ ತಿಳಿಸಿದವಳು ಕೀರಾ ಎಂಬ ಹುಡುಗಿ. ಬಿಟ್ಟುಹೋಗುವವರ ಲೆಕ್ಕ ಮುಗಿಸುವುದೇ ಅಲ್ಲಿ ಅವಳ ಕೆಲಸವಂತೆ. ಹೇಳಿದ್ದನ್ನೇ ದಿನವಿಡೀ ಹೇಳಿ ಸವೆದುಹೋದ ದನಿ, ಆದರೆ ಕೆಟ್ಟ ದನಿಯಲ್ಲ.

ಇಲ್ಲಿನ ಇಂಗ್ಲಿಷ್ ಜನ ಅಂಬ್ರೆಲಾ ಕಂಪನಿ ಎನ್ನುವ, ಹಂಗಾಮಿ ನೌಕರರಿಗೆ ಸಂಬಳ ಹಂಚುವ ಸಂಸ್ಥೆಯನ್ನು ನಾನು ಮನಸ್ಸಿನಲ್ಲಿ ಕೊಡೆ ಕಂಪನಿ ಎಂದುಕೊಳ್ಳುತ್ತೇನೆ. ನಾನು ದುಡಿಯುವುದು ಹಾರ್ನ್‌ಮಿಯರ್ ಊರಿನ ಆಡಳಿತ ನೋಡುವ ಕೌನ್ಸಿಲ್‌ಗೆ. ಕೌನ್ಸಿಲ್ ದುಡ್ಡು ಕೊಡುವುದು ನನ್ನನ್ನು ಒದಗಿಸಿದ ಏಜೆನ್ಸಿಗೆ, ಏಜೆನ್ಸಿ ಕೊಡುವುದು ಕೊಡೆಗೆ, ಕೊಡೆ ಕೊಡುವುದು ನನಗೆ. ಕಾಗದದ ಮೇಲೆ ನನ್ನ ಮಾಲೀಕ ಕೊಡೆ. ನಾನು ಅದರ ಕಚೇರಿಯನ್ನು ನೋಡಿಲ್ಲ, ಅದು ನನ್ನ ಮುಖವನ್ನು ನೋಡಿಲ್ಲ. ಮಾಲೀಕ ಕಟ್ಟಬೇಕಾದ ವಿಮೆಯನ್ನು ನನ್ನ ದರದಿಂದಲೇ ಮುರಿದುಕೊಂಡು, ನನ್ನನ್ನು ಮಳೆಯಿಂದ ಕಾಪಾಡಿದ್ದಕ್ಕೆಂದು ವಾರವಾರವೂ ಇನ್ನೊಂದು ಪಾಲನ್ನು ಇಟ್ಟುಕೊಳ್ಳುತ್ತದೆ. ಕೊಡೆ ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ 'ನಾನು ಕೊಡುವುದಿಲ್ಲ' ಎಂಬ ಅರ್ಥವೂ ಇದೆ. ಇದನ್ನು ಇಲ್ಲಿ ಯಾರಿಗೂ ವಿವರಿಸಲು ಹೋಗಿಲ್ಲ.

ಮನೆಯ ಹತ್ತಿರದ ಆಸ್ಪತ್ರೆಯಲ್ಲಿ ಕಾಯಂ ಕೆಲಸ ಸಿಕ್ಕಿತ್ತು. ಇನ್ನು ಗುಡ್ಡಸಾಲು ದಾಟಿ, ಬೀಟ್‌ರೂಟ್ ಲಾರಿಗಳ ಹಿಂದೆ ತೆವಳುತ್ತ, ಸಮುದ್ರದ ಅಂಚಿನವರೆಗೆ ಕಾರು ಓಡಿಸಬೇಕಾಗಿರಲಿಲ್ಲ. ಅಷ್ಟು ತಿಂಗಳು ಓಡಿಸಿದ್ದಕ್ಕೆ ತೆರಿಗೆಯಲ್ಲಿ ಏನಾದರೂ ವಾಪಸ್ ಬಂದೀತೇ ಎಂದು ಕೇಳಲು ಫೋನ್ ಮಾಡಿದ್ದೆ. ಬರಬಹುದು ಎಂದಳು ಕೀರಾ. ಆದರೆ ಒಂದು ಪ್ರಶ್ನೆಗೆ ಉತ್ತರ ಬೇಕು, ಆ ಉತ್ತರವನ್ನು ನಾನು ಕೆಲಸ ಮಾಡಿದ ಕಡೆಯವರು ಸಹಿ ಹಾಕಿ ಒಪ್ಪಬೇಕು ಎಂದಳು. ಪ್ರಶ್ನೆಯನ್ನು ಓದಿದಳು. ನಾನು ಕೆಲಸ ಮಾಡುವ ರೀತಿಯ ಮೇಲೆ ಯಾರದಾದರೂ ಸೂಪರ್‌ವಿಷನ್, ನಿರ್ದೇಶನ, ಇಲ್ಲವೇ ನಿಯಂತ್ರಣ ಇತ್ತೇ? ಇತ್ತು ಎಂದಾದರೆ ನನ್ನ ಓಡಾಟ ಎಲ್ಲರೂ ಮನೆಯಿಂದ ಆಫೀಸಿಗೆ ಹೋಗುವಂಥದ್ದೇ, ಏನೂ ಸಿಗದು. ಇರಲಿಲ್ಲ ಎಂದಾದರೆ ಸಿಗುತ್ತದೆ.

"ಸೂಪರ್‌ವಿಷನ್ ಇತ್ತಾ ಹೈಮಾ?" ಎಂದು ಕೇಳಿದಳು.

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಹಲೋ, ಲೈನಲ್ಲಿದೀರಾ?"

"ಇದೀನಿ. ಯೋಚನೆ ಮಾಡ್ತಿದೀನಿ."

"ಇದರಲ್ಲಿ ಯೋಚನೆ ಮಾಡೋಂಥದ್ದು ಏನೂ ಇಲ್ಲಪ್ಪ. ಇತ್ತು, ಇಲ್ಲಾ ಇರ್ಲಿಲ್ಲ."

ಅವಳಿಗೆ ಅದು ತೆರಿಗೆಯವರ ಪದ. ನನಗೆ ಹಾಗಲ್ಲ. ನಾನು ಮಕ್ಕಳ ಸುರಕ್ಷತೆ ನೋಡುವ ಸೋಶಿಯಲ್ ವರ್ಕರ್. ನಮ್ಮಲ್ಲಿ ಸೂಪರ್‌ವಿಷನ್ ಎಂದರೆ ಯಾರೋ ಬೆನ್ನ ಹಿಂದೆ ನಿಂತು ಕಾಯುವುದಲ್ಲ. ತಿಂಗಳಿಗೊಮ್ಮೆ ಮ್ಯಾನೇಜರ್ ನಿಮ್ಮನ್ನು ಒಂದು ಕೋಣೆಯಲ್ಲಿ ಕೂರಿಸಿಕೊಂಡು, ಬಾಗಿಲು ಹಾಕಿ, ಫೋನ್ ಪಕ್ಕಕ್ಕಿಟ್ಟು, ನಿಮ್ಮ ಕೈಯಲ್ಲಿರುವ ಒಂದೊಂದು ಮಗುವಿನ ಬಗ್ಗೆಯೂ ಕೇಳಬೇಕು. ಏನು ನೋಡಿದಿರಿ, ಏನನ್ನು ನೋಡಲಾಗಲಿಲ್ಲ, ಯಾವುದು ನಿಮ್ಮನ್ನು ಕೊರೆಯುತ್ತಿದೆ? ಮಗುವನ್ನು ಮನೆಯಿಂದ ತೆಗೆಯುವ ಅಥವಾ ಅಲ್ಲೇ ಬಿಡುವ ನಿರ್ಧಾರ ಒಬ್ಬರ ತಲೆಯ ಮೇಲೆ ಬೀಳಬಾರದೆಂದು ಈ ಏರ್ಪಾಡು. ಅದಿಲ್ಲದೆ ಕೆಲಸ ಮಾಡುವುದು ನಮ್ಮ ವೃತ್ತಿಯ ನಿಯಮದ ಪ್ರಕಾರ ತಪ್ಪು. ಕೊಡದವರದ್ದೂ ತಪ್ಪು, ಕೇಳಿ ಪಡೆಯದವರದ್ದೂ ತಪ್ಪು.

ಹಾರ್ನ್‌ಮಿಯರ್‌ಗೆ ಬಂದಂದಿನಿಂದ ನನಗೆ ಅಂಥ ಒಂದು ತಾಸೂ ಸಿಕ್ಕಿರಲಿಲ್ಲ.

ಮ್ಯಾನೇಜರ್ ಏಡ್ರಿಯನ್ ಸ್ಕೇಲ್ಸ್ ಸಭ್ಯ ಮನುಷ್ಯ. ಸೈಕಲ್ಲಿನಲ್ಲಿ ಬರುತ್ತಾನೆ, ಎಲ್ಲರ ಹುಟ್ಟುಹಬ್ಬ ನೆನಪಿಟ್ಟುಕೊಳ್ಳುತ್ತಾನೆ. ನನ್ನ ಬಾಗಿಲು ಯಾವಾಗಲೂ ತೆರೆದಿರುತ್ತದೆ ಎನ್ನುವುದು ಅವನ ಮಾತು. ಹಳೆಯ ಬಟ್ಟೆ ಅಂಗಡಿಯೊಂದನ್ನು ಆಫೀಸು ಮಾಡಿದ ಆ ಮಹಡಿಯಲ್ಲಿ ಅವನಿಗೆ ಬಾಗಿಲೇ ಇರಲಿಲ್ಲ. ನನ್ನ ಜೊತೆ ಕೂರಲು ದಿನ ಗೊತ್ತು ಮಾಡುತ್ತಿದ್ದ, ಆ ದಿನದ ಬೆಳಿಗ್ಗೆ ಮುಂದೂಡುತ್ತಿದ್ದ. ಒಮ್ಮೆ ಬಜೆಟ್ ಸಭೆ, ಒಮ್ಮೆ ತನಿಖೆಯವರು ಬರುತ್ತಾರೆ, ಒಮ್ಮೆ ಹಲ್ಲುನೋವು, ಒಮ್ಮೆ ಯಾರೋ ನಿವೃತ್ತಿಯಾಗುವವರ ಕೇಕ್ ಕತ್ತರಿಸಬೇಕು. ನಾನು ಹೊರಗಿನವಳು, ವಾರದ ಲೆಕ್ಕದ ಕೂಲಿಯವಳು. ಮತ್ತೆ ಮತ್ತೆ ಕೇಳಿದರೆ ಕಿರಿಕಿರಿಯ ಹೆಂಗಸು ಎನಿಸಿಕೊಂಡು ಮುಂದಿನ ವಾರ ಕೆಲಸವಿಲ್ಲದಂತಾದೀತು ಎಂಬ ಭಯ ನನಗಿತ್ತು. ಆದರೂ ಕೇಳುತ್ತಿದ್ದೆ.

ಲೋಟಿಯ ವಿಷಯದಲ್ಲಂತೂ ಮೂರು ಸಲ ಬರೆದು ಕೇಳಿದ್ದೆ. ಲೋಟಿಗೆ ಆಗ ನಾಲ್ಕು ವರ್ಷ. ತಾಯಿ ಚಟ ಬಿಡಿಸುವ ಕೇಂದ್ರದಲ್ಲಿದ್ದಳು. ಮಗು ಇದ್ದದ್ದು ತಾಯಿಯ ಚಿಕ್ಕಮ್ಮ ಮೇವಿಸ್ ಬಳಿ, ಸಮುದ್ರದ ತಡೆಗೋಡೆಯ ಹಿಂದಿನ ಪುಟ್ಟ ಮರದ ಮನೆಯಲ್ಲಿ. ಮೇವಿಸ್ ಮಗುವನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಳು. ಆದರೆ ಅವಳ ಮಗ ಕರ್ಟ್ ಜೈಲಿನಿಂದ ಹೊರಬರುವವನಿದ್ದ. ಒಳಗೆ ಬಿಡುವುದಿಲ್ಲ, ಬಾಗಿಲನ್ನೇ ತೆರೆಯುವುದಿಲ್ಲ ಎಂದು ಮೇವಿಸ್ ನನಗೆ ಚಹಾ ಸುರಿಯುತ್ತ ಹೇಳಿದಳು. ನಾನು ಅರ್ಧ ನಂಬಿದೆ. ಉಳಿದ ಅರ್ಧವನ್ನು ಯಾರ ಮುಂದಾದರೂ ಇಟ್ಟು ನೋಡಬೇಕಿತ್ತು. ಕೊನೆಗೆ ಏಡ್ರಿಯನ್ ಮೆಟ್ಟಿಲ ಮೇಲೆ ಸಿಕ್ಕಿದ, ಹೆಲ್ಮೆಟ್ ಹಾಕಿಕೊಂಡು ಕೆಳಗೆ ಇಳಿಯುತ್ತಿದ್ದ.

"ನೀನು ಅನುಭವಸ್ಥೆ ಹೈಮಾ, ನಿನಗೆ ಸರಿ ಕಂಡಂತೆ ಮಾಡು," ಎಂದ. "ಅದಕ್ಕೇ ತಾನೇ ನಿನಗೆ ಅಷ್ಟು ದರ ಕೊಡೋದು?"

ನಾನು ಮಗುವನ್ನು ಅಲ್ಲೇ ಬಿಟ್ಟೆ. ಕರ್ಟ್ ಬಂದ, ಮೇವಿಸ್ ಬಾಗಿಲು ತೆರೆದಳು, ಮಾತಿಗೆ ಮಾತು ಬೆಳೆಯಿತು. ಅವನು ಹೊರಡುವ ರಭಸದಲ್ಲಿ ಬಾಗಿಲನ್ನು ಎಳೆದುಕೊಂಡಾಗ ಲೋಟಿಯ ಕೈ ಬಾಗಿಲ ಸಂದಿನಲ್ಲಿತ್ತು. ಮುಂಗೈ ಮೂಳೆ ಮುರಿಯಿತು. ಈಗ ಅವಳು ಬೇರೊಂದು ಮನೆಯಲ್ಲಿ, ಗೊತ್ತಿಲ್ಲದವರ ನಡುವೆ ಇದ್ದಾಳೆ. ಕೈ ಕೂಡಿಕೊಳ್ಳುತ್ತದೆ ಎಂದರು ಡಾಕ್ಟರು.

ಹೀಗಾದಾಗ ಕೌನ್ಸಿಲ್ ಒಂದು ವಿಚಾರಣೆ ನಡೆಸುತ್ತದೆ. ಅದು ನನ್ನ ಕೊನೆಯ ವಾರಕ್ಕೇ ನಿಗದಿಯಾಗಿತ್ತು. ಅಲ್ಲಿ ಕೇಳುವ ಮೊದಲ ಪ್ರಶ್ನೆ ನನಗೆ ತಿಳಿದಿತ್ತು. ಈ ನಿರ್ಧಾರವನ್ನು ಸೂಪರ್‌ವಿಷನ್‌ನಲ್ಲಿ ಚರ್ಚಿಸಲಾಗಿತ್ತೇ? ಆಗಿತ್ತು ಎಂದಾದರೆ, ಮ್ಯಾನೇಜರ್ ಕೇಳಿದ, ಎಚ್ಚರಿಸಿದ, ಆದರೂ ಈ ಹೊರಗಿನ ಹೆಂಗಸು ತನ್ನ ಹಟ ಬಿಡಲಿಲ್ಲ ಎಂದಾಗುತ್ತದೆ. ನಮ್ಮ ವೃತ್ತಿಯವರ ಹೆಸರುಗಳ ಒಂದು ರಾಷ್ಟ್ರೀಯ ಪಟ್ಟಿ ಇದೆ. ಅದರಲ್ಲಿ ಹೆಸರಿದ್ದರೆ ಕೆಲಸ, ಇಲ್ಲದಿದ್ದರೆ ಎಲ್ಲಿಯೂ ಇಲ್ಲ, ಆಸ್ಪತ್ರೆಯಲ್ಲಿಯೂ ಇಲ್ಲ.

ಇದನ್ನೆಲ್ಲ ತಿಳಿದೂ ನಾನು ಕೀರಾ ಕಳಿಸಿದ ಪ್ರಶ್ನೆಪತ್ರವನ್ನು ಏಡ್ರಿಯನ್‌ಗೆ ಕಳಿಸಿಬಿಟ್ಟೆ. ಪೆಟ್ರೋಲಿನ ದುಡ್ಡಿನ ಯೋಚನೆ ಒಂದು ಕಡೆ, ಲೋಟಿಯ ಯೋಚನೆ ಇನ್ನೊಂದು ಕಡೆ ಇದ್ದವು. ಎರಡೂ ಕಡೆ ಇರುವುದು ಒಂದೇ ಪದ ಎಂಬುದು ಕಳಿಸುವಾಗ ಹೊಳೆಯಲಿಲ್ಲ. ಪದಗಳನ್ನು ತೂಗಿ ನೋಡುವವಳು ನಾನು, ಇದೊಂದನ್ನು ತೂಗಲಿಲ್ಲ.

ಆಫೀಸಿನ ಗುಮಾಸ್ತೆ ಬೆರಿಲ್‌ಗೆ ಮಾತ್ರ ಹೇಳಿದ್ದೆ. ಬೆರಿಲ್ ಅರವತ್ತು ದಾಟಿದವಳು, ಊರಿನವಳು, ಮೇಜಿನ ಮೇಲೆ ಚಿಪ್ಸ್ ಪೊಟ್ಟಣ ಬಿಡಿಸಿ ವಿನೆಗರ್ ಸುರಿದುಕೊಂಡೇ ಎಲ್ಲ ಕೆಲಸ ಮಾಡುವವಳು.

"ಕಂಟ್ರೋಲ್ ಇತ್ತಾ ಅಂತ ಕೇಳ್ತಾರಾ?" ಎಂದಳು. "ಈ ಆಫೀಸಲ್ಲಿ ಹೀಟರ್‌ಗೇ ಕಂಟ್ರೋಲ್ ಇಲ್ಲ ಕಣೇ. ಇಲ್ಲ ಅಂತ ಬರೆದು ಬಿಸಾಕು."

ನಾನು ನಕ್ಕೆ. ಮಾರನೆಯ ದಿನ ಏಡ್ರಿಯನ್‌ನ ಉತ್ತರ ಕೀರಾಗೂ ನನಗೂ ಒಟ್ಟಿಗೇ ಬಂತು. 'ಹೌದು. ಪ್ರತಿ ತಿಂಗಳೂ ತಪ್ಪದೆ ಸೂಪರ್‌ವಿಷನ್ ನೀಡಲಾಗಿದೆ.' ಕೆಳಗೆ ಅವನ ಸಹಿ.

ಅದನ್ನು ನಿಂತುಕೊಂಡೇ ಓದಿದೆ. ಮೊದಲು ಬಂದದ್ದು ಸಿಟ್ಟಲ್ಲ, ನಾಚಿಕೆ. ವಿಚಾರಣೆಯಲ್ಲಿ ಅವನು ಬಾಯಿಬಿಟ್ಟು ಹೇಳಬೇಕಾಗಿದ್ದ ಸುಳ್ಳನ್ನು, ವಿಚಾರಣೆಗೂ ಮುಂಚೆಯೇ, ಹೊರಗಿನ ಒಂದು ಕಂಪನಿಗೆ ಬರೆದುಕೊಡಲು ನಾನೇ ಪೆನ್ನು ಕೊಟ್ಟಿದ್ದೆ. ಸಿಟ್ಟು ಆಮೇಲೆ ಬಂತು, ಬಂದದ್ದು ಹೋಗಲಿಲ್ಲ. 'ತಪ್ಪದೆ' ಎಂಬ ಪದದ ಮೇಲೆ ಬಂತು. ಸುಮ್ಮನೆ ಹೌದು ಎಂದಿದ್ದರೆ ಸಾಕಿತ್ತು. ತಪ್ಪದೆ ಎಂದು ಯಾರೂ ಕೇಳಿರಲಿಲ್ಲ.

ಅವನ ಮೇಜಿನ ಬಳಿ ಹೋದೆ. ಸುತ್ತ ಜನರಿದ್ದರು. ಹೊರಗೆ ಒಂದು ಸುತ್ತು ಹೋಗಿ ಬರೋಣ ಎಂದ, ಒಂದು ಪ್ಲಾಸ್ಟಿಕ್ ಫೋಲ್ಡರನ್ನು ಕಂಕುಳಲ್ಲಿ ಇಟ್ಟುಕೊಂಡ. ಸಮುದ್ರದ ಬದಿಯ ಹಾದಿಯಲ್ಲಿ ನಡೆದೆವು. ಚಳಿಗಾಲವಾದ್ದರಿಂದ ಪ್ರವಾಸಿಗರ ಆಟದ ಅಂಗಡಿಗಳೆಲ್ಲ ಕದ ಎಳೆದುಕೊಂಡಿದ್ದವು. ಗಾಳಿಗೆ ಬೆನ್ನು ಕೊಟ್ಟು ಗಾಜಿನ ತಂಗುದಾಣವೊಂದರಲ್ಲಿ ಕೂತ ಮೇಲೆ ಫೋಲ್ಡರ್ ತೆರೆದು ನನ್ನ ತೊಡೆಯ ಮೇಲಿಟ್ಟ.

ತಿಂಗಳಿಗೊಂದರಂತೆ ಹಾಳೆಗಳು. ನಾವು ಎಂದೂ ಕೂರದ ಕೂಟಗಳ ಟಿಪ್ಪಣಿಗಳು. ಪ್ರತಿ ಹಾಳೆಯ ತಳದಲ್ಲಿ ಅವನ ಸಹಿ, ಪಕ್ಕದಲ್ಲಿ ನನಗಾಗಿ ಖಾಲಿ ಗೆರೆ.

ನಾನು ಓದಿದೆ. ಅವನು ಸಮುದ್ರ ನೋಡುತ್ತಿದ್ದ. 'ತಂಡದಲ್ಲಿ ಸಂತೋಷವಾಗಿದ್ದೇನೆ ಎಂದು ಹೈಮಾ ತಿಳಿಸಿದರು.' 'ಹೈಮಾ ಅವರಿಗೆ ದಣಿವಾದಂತೆ ಕಂಡದ್ದರಿಂದ ಕೆಲವು ದಿನ ರಜೆ ತೆಗೆದುಕೊಳ್ಳಲು ಸೂಚಿಸಲಾಯಿತು.' ನನ್ನ ದಣಿವನ್ನೂ ಅವನೇ ಕಲ್ಪಿಸಿಕೊಂಡಿದ್ದ, ಅದರ ಮೇಲೆ ತನ್ನ ಕರುಣೆಯನ್ನೂ. ಮನೆಯಲ್ಲಿ ಕೂತು, ಬಹುಶಃ ಚಹಾ ಕುಡಿಯುತ್ತ, ನನ್ನ ಬಾಯಿಗೆ ಒಂದೊಂದೇ ಮಾತು ಹಾಕುತ್ತ ಹೋಗಿದ್ದ. ಲೋಟಿಯ ಹೆಸರಿದ್ದ ಹಾಳೆಯಲ್ಲಿ ಹೀಗಿತ್ತು: 'ಮಗುವನ್ನು ಅಲ್ಲಿಯೇ ಇರಿಸುವುದು ಸೂಕ್ತ ಎಂಬ ತಮ್ಮ ಅಭಿಪ್ರಾಯವನ್ನು ಹೈಮಾ ಮಂಡಿಸಿದರು. ಅಪಾಯಗಳ ಬಗ್ಗೆ ಎಚ್ಚರಿಸಲಾಯಿತು.' ಯಾರು ಎಚ್ಚರಿಸಿದರು ಎಂಬುದಿಲ್ಲ. ಮಂಡಿಸಿದವಳಿಗೆ ಹೆಸರಿದೆ, ಎಚ್ಚರಿಸಿದವನಿಗಿಲ್ಲ.

ಏಡ್ರಿಯನ್ ಮೆತ್ತಗೆ ಮಾತಾಡಿದ. ಫೈಲು ಅಚ್ಚುಕಟ್ಟಾಗಿರಬೇಕು, ಅಷ್ಟೇ. ನಾನು ಇವಕ್ಕೆ ಸಹಿ ಹಾಕಿದರೆ ಅವನೂ ನನಗೊಂದು ಉಪಕಾರ ಮಾಡಬಲ್ಲ. ಪ್ರಶ್ನೆ ಸರಿಯಾಗಿ ಅರ್ಥವಾಗಿರಲಿಲ್ಲ ಎಂದು ಕೊಡೆ ಕಂಪನಿಗೆ ಬರೆಯುತ್ತಾನೆ. ನನ್ನ ಕೆಲಸದ ಮೇಲೆ ಯಾರ ಸೂಪರ್‌ವಿಷನ್ನೂ ಇರಲಿಲ್ಲ, ಇರಿಸುವ ಹಕ್ಕೂ ಕೌನ್ಸಿಲ್‌ಗೆ ಇರಲಿಲ್ಲ ಎಂದು ಸಹಿ ಹಾಕಿಕೊಡುತ್ತಾನೆ. ನನ್ನ ಪ್ರಯಾಣದ ದುಡ್ಡು ನನಗೆ ಬರುತ್ತದೆ.

"ಹಾಗಾದ್ರೆ ಅಲ್ಲಿ ಇರ್ಲಿಲ್ಲ, ಇಲ್ಲಿ ಇತ್ತು," ಎಂದೆ.

"ಅದು ತೆರಿಗೆಯವರ ಪದ ಹೈಮಾ. ಇದು ನಮ್ಮ ಪದ. ಎರಡಕ್ಕೂ ಸಂಬಂಧ ಇಲ್ಲ."

"ನನಗೇನೋ ಒಂದೇ ಪದ ಕಾಣ್ತಿದೆ."

ಅವನು ನಿಟ್ಟುಸಿರು ಬಿಟ್ಟ. "ಸರಿ, ಸೂಪರ್‌ವಿಷನ್ ಸಿಗ್ಲಿಲ್ಲ ಅಂತ ನೀನು ಅಲ್ಲಿ ಹೇಳ್ತೀಯ ಅಂದ್ಕೋ. ಆಮೇಲೆ ಏನು ಕೇಳ್ತಾರೆ ಗೊತ್ತಾ? ಹಾಗಿದ್ರೆ ಕೆಲಸ ಯಾಕೆ ನಿಲ್ಲಿಸಲಿಲ್ಲ ಅಂತ. ನಿನ್ನ ಹೆಸರು ಪಟ್ಟಿಯೋರ ಕೈಗೆ ಹೋಗುತ್ತೆ. ನಾನು ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಅದು ನಿಜವೆಂದೇ ನನಗೆ ಹೆಚ್ಚು ಸಿಟ್ಟು ಬಂತು. ಸುಳ್ಳಿಗೆ ಸಹಿ ಹಾಕಿದರೆ ಎಚ್ಚರಿಕೆಯನ್ನು ಕೇಳದ ಹಟಮಾರಿ ನಾನು, ಆದರೆ ಕಾಗದ ಸರಿಯಾಗಿರುತ್ತದೆ, ಒಂದು ಬೈಗುಳದಲ್ಲಿ ಮುಗಿಯಬಹುದು. ನಿಜ ಹೇಳಿದರೆ ನಿಯಮ ಮುರಿದವಳು ನಾನು. ಅವನು ಹೇಳುವಂತೆ ಎರಡರಲ್ಲೂ ಅವನು ಎಲ್ಲಿಯೂ ಇಲ್ಲ.

ನಾಳೆ ಹೇಳುತ್ತೇನೆ ಎಂದೆ. ಮುಖಕ್ಕೆ ಹೇಳುವ ಧೈರ್ಯ ಆಗ ಇರಲಿಲ್ಲ. ಆ ಸಂಜೆ ಕಾರು ಓಡಿಸುತ್ತ ಆ ದುಡ್ಡು ಬಂದರೆ ಏನೇನಾಗುತ್ತದೆ ಎಂದು ಎಣಿಸಿದೆ. ಸುಳ್ಳಾಡುವುದು ಬೇಡ, ಎಣಿಸಿದೆ. ಕಾರಿನ ಕ್ಲಚ್ ಹೋಗುವುದರಲ್ಲಿತ್ತು. ಆಸ್ಪತ್ರೆಯ ಕೆಲಸದ ಪತ್ರದ ಮೇಲೆ ಇನ್ನೂ ಅಲ್ಲಿಯವರ ಸಹಿ ಬಿದ್ದಿರಲಿಲ್ಲ. ದುಡ್ಡೂ ಕೆಲಸವೂ ಕೈಗೆ ಬರಬೇಕಾದರೆ ಖಾಲಿ ಗೆರೆಗಳ ಮೇಲೆ ಎಂಟು ಸಲ ನನ್ನ ಹೆಸರು ಬರೆದರೆ ಸಾಕಿತ್ತು. ಅಷ್ಟು ತಿಂಗಳು ಅದೇ ದಾರಿಯಲ್ಲಿ ನಾನು ಒಬ್ಬಳೇ ಗಟ್ಟಿಯಾಗಿ ಮಾತಾಡಿಕೊಂಡು ಬರುತ್ತಿದ್ದೆ. ಇವತ್ತು ಆ ಮನೆಯ ಅಡುಗೆಮನೆಯಲ್ಲಿ ಹೀಗಿತ್ತು, ಆ ತಾಯಿ ಹೀಗೆಂದಳು, ನನಗೆ ಯಾಕೋ ಸರಿ ಕಾಣಲಿಲ್ಲ, ನೀವೇನಂತೀರಿ. ನೀವು ಎಂದು ಕೇಳುತ್ತಿದ್ದದ್ದು ಕಾರಿನ ಗಾಜನ್ನು.

ಮಾರನೆಯ ದಿನ ಕೀರಾಳ ಫೋನ್ ಬಂತು. ಅವತ್ತೇ ಕೊನೆ, ಐದು ಗಂಟೆಗೆ ನನ್ನ ಲೆಕ್ಕ ಮುಚ್ಚುತ್ತಾರೆ. ಆಮೇಲೆ ಬೇಕಾದರೆ ನೇರವಾಗಿ ತೆರಿಗೆ ಇಲಾಖೆಯನ್ನು ಕೇಳಬಹುದು, ಅಲ್ಲಿಯೂ ಇದೇ ಪ್ರಶ್ನೆ. ಮ್ಯಾನೇಜರ್ ಉತ್ತರ ಹೌದು ಎಂದಿದೆ, ಹಾಗೆಯೇ ಬಿಡಲೇ, ಅಥವಾ ಅವರಿಂದ ಬೇರೆ ಉತ್ತರ ತರುತ್ತೀರಾ ಎಂದು ಕೇಳಿದಳು.

ಅವರಿಂದ ಏನೂ ತರುವುದಿಲ್ಲ ಎಂದೆ. ಆದರೆ ನನ್ನ ಉತ್ತರವನ್ನು ಬರೆದುಕೊಳ್ಳಲು ಹೇಳಿದೆ. ಸೂಪರ್‌ವಿಷನ್ ಮಾಡುವ ಹಕ್ಕು ಅವರಿಗಿತ್ತು, ಅವರು ಮಾಡಲಿಲ್ಲ.

"ಹಕ್ಕು ಇದ್ರೆ ಸಾಕು ಹೈಮಾ," ಎಂದಳು ಕೀರಾ. "ಮಾಡಿದ್ರಾ ಬಿಟ್ರಾ ಅಂತ ಕಾನೂನು ನೋಡಲ್ಲ. ಹಕ್ಕಿತ್ತು ಅಂದ್ರೆ ನಿಮಗೆ ಒಂದು ಪೌಂಡೂ ಬರಲ್ಲ."

"ಗೊತ್ತು."

"ಮತ್ತೆ ಬರೆಯೋದು ಯಾಕೆ?"

"ನಿಜ ಅಂತ."

ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು ಕೇಳಿಸಿತು. ನಂತರ ಅವಳು, ಬೇಸರವಾಯಿತೋ ಏನೋ, ಮೊದಲ ಸಲ ದನಿ ತಗ್ಗಿಸಿ ಹೇಳಿದಳು.

"ಅದಕ್ಕೆ ಇಲ್ಲಿ ಜಾಗ ಇಲ್ಲ. ಹೌದು ಇದೆ, ಇಲ್ಲ ಇದೆ. ನೀವು ಹೇಳೋದಕ್ಕೆ ಜಾಗಾನೇ ಕೊಟ್ಟಿಲ್ಲ."

ಹಾಗಾದರೆ ಹೌದು ಎಂದೇ ಇರಲಿ, ಅದು ಅವನ ಉತ್ತರ, ನನ್ನದಲ್ಲ ಎಂದು ಹೇಳಿ ಫೋನ್ ಇಟ್ಟೆ. ಹಕ್ಕು ಇತ್ತಂತೆ. ನನ್ನನ್ನು ವಿಚಾರಿಸುವ ಹಕ್ಕು ಅವರಲ್ಲಿತ್ತು, ವಿಚಾರಿಸುವ ಒಂದು ತಾಸು ಇರಲಿಲ್ಲ. ಆ ಹಕ್ಕಿಗೆ ತೆರಿಗೆಯಲ್ಲಿ ಬೆಲೆ ಇದೆ. ಆ ತಾಸು ಇಲ್ಲದಿದ್ದುದಕ್ಕೆ ಬೆಲೆ ತೆತ್ತದ್ದು ಲೋಟಿಯ ಕೈ. ಮೇಜಿನ ಮೇಲಿದ್ದ ಚಹಾ ಕಪ್ಪನ್ನು ಸಿಂಕಿಗೆ ಹಾಕಿದೆನೋ ಎಸೆದೆನೋ ತಿಳಿಯದು, ಹಿಡಿ ಮುರಿಯಿತು. ಬೆರಿಲ್ ಒಂದು ಕ್ಷಣ ನನ್ನನ್ನೇ ನೋಡಿ, ಅದು ಆಫೀಸಿನ ಕಪ್, ಇನ್ನೂ ಇವೆ, ಬೇಕಾದರೆ ಇನ್ನೊಂದು ಒಡಿ ಎಂದಳು.

ಏಡ್ರಿಯನ್‌ಗೆ ಒಂದೇ ಸಾಲು ಬರೆದೆ. ಸಹಿ ಹಾಕುವುದಿಲ್ಲ. ಮಧ್ಯಾಹ್ನ ಅವನು ನನ್ನ ಮೇಜಿನ ಪಕ್ಕ ಹಾದುಹೋಗುವಾಗ ಯಾರದೋ ಹುಟ್ಟುಹಬ್ಬದ ಕಾರ್ಡನ್ನು ಸಹಿಗಾಗಿ ಎಲ್ಲರ ಮುಂದೆ ಹಿಡಿದ, ನನ್ನ ಮುಂದೆ ಮಾತ್ರ ಹಿಡಿಯಲಿಲ್ಲ.

ವಿಚಾರಣೆ ಮೇಲಿನ ಮಹಡಿಯಲ್ಲಿ ನಡೆಯಿತು. ನಡೆಸಲು ಬಂದವರು ಫಿಲಿಪಾ ಹೆಂಡ್ರಿ ಎಂಬ ಹೆಂಗಸು, ಬೇರೆ ಊರಿನವರು, ಕನ್ನಡಕವನ್ನು ತಲೆಯ ಮೇಲಕ್ಕೆ ಏರಿಸಿಕೊಂಡು ಮಾತಾಡುವವರು. ಮೇಜಿನ ಒಂದು ಕಡೆ ಏಡ್ರಿಯನ್, ಎದುರು ನಾನು, ಕೊನೆಯಲ್ಲಿ ನಡಾವಳಿ ಬರೆದುಕೊಳ್ಳಲು ಬೆರಿಲ್. ಅವತ್ತು ಬೆರಿಲ್ ನನ್ನತ್ತ ನೋಡಲಿಲ್ಲ. ಅವಳಿಗೆ ಈ ಊರು ಬಿಟ್ಟು ಹೋಗಲು ಆಸ್ಪತ್ರೆಯ ಕೆಲಸ ಇರಲಿಲ್ಲ, ನಾನು ಅದನ್ನು ತಪ್ಪು ಎಂದುಕೊಳ್ಳಲಿಲ್ಲ.

ಏಡ್ರಿಯನ್ ಮೊದಲು ಮಾತಾಡಿದ. ಲೋಟಿಗಾಗಿ ತನಗೆ ತುಂಬ ದುಃಖವಾಗಿದೆ ಎಂದ. ಹೈಮಾಗೆ ಪ್ರತಿ ತಿಂಗಳೂ ಬೆಂಬಲ ನೀಡಲಾಗಿತ್ತು, ಈ ನಿರ್ಧಾರವನ್ನೂ ಚರ್ಚಿಸಲಾಗಿತ್ತು. ಟಿಪ್ಪಣಿಗಳು ಇವೆ, ಆಕೆಯ ಸಹಿ ಮಾತ್ರ ಬಾಕಿ ಇದೆ. ಬಾಕಿ ಯಾಕೆ ಎಂದು ಫಿಲಿಪಾ ಕೇಳಿದರು. ಅವನು ಸಂಕೋಚಪಡುವವನಂತೆ ತಲೆ ತಗ್ಗಿಸಿದ.

"ಹೇಳೋಕೆ ಇಷ್ಟ ಇಲ್ಲ. ಪ್ರಯಾಣದ ಖರ್ಚಿನ ವಿಷಯಕ್ಕೆ ಹೈಮಾಗೆ ನಮ್ಮ ಮೇಲೆ ಸ್ವಲ್ಪ ಮುನಿಸು. ಕಂಪನಿ ಬಿಟ್ಟು ಹೋಗ್ತಿದಾರೆ ನೋಡಿ, ಅದನ್ನ ಪಡಕೊಂಡೇ ಹೋಗಬೇಕು ಅಂತ ಇತ್ತು. ನಾನು ಬರೆದದ್ದು ಅವರಿಗೆ ಅನುಕೂಲ ಆಗಲಿಲ್ಲ."

ಫಿಲಿಪಾ ನನ್ನ ಕಡೆ ತಿರುಗಿದರು. ಪೆಟ್ರೋಲಿನ ದುಡ್ಡಿಗಾಗಿ ಒಂದು ಮಗುವಿನ ಹೆಸರನ್ನು ಎಳೆದು ತಂದ ಹೆಂಗಸು ಅಲ್ಲಿ ಕೂತಿದ್ದಳು. ಮಾತಾಡುವಾಗ ನಡುಗುವ ದನಿ ನನ್ನದು, ಅದನ್ನು ತಡೆಯಲು ಸಾಲುಗಳನ್ನು ಮೊದಲೇ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಅವೆಲ್ಲ ಹೋದವು.

"ಹೌದು, ನನಗೆ ಆ ದುಡ್ಡು ಬೇಕಾಗಿತ್ತು," ಎಂದೆ. "ಈ ಹಾಳೆಗಳಿಗೆ ಸಹಿ ಹಾಕಿದ್ರೆ ಸಿಗೋ ಹಾಗೆ ಮಾಡ್ತೀನಿ ಅಂತ ಇವರು ಸಮುದ್ರದ ಹತ್ತಿರ ಕೂರಿಸ್ಕೊಂಡು ಹೇಳಿದರು. ಸೂಪರ್‌ವಿಷನ್ ಇರ್ಲಿಲ್ಲ ಅಂತ ಕಂಪನಿಗೆ ಬರೀತೀನಿ, ಇತ್ತು ಅಂತ ಇಲ್ಲಿ ನೀನು ಸಹಿ ಹಾಕು ಅಂದರು. ನನಗೆ ಒಂದು ದಿನವೂ ಸೂಪರ್‌ವಿಷನ್ ಸಿಕ್ಕಿಲ್ಲ. ಲೋಟಿ ವಿಷಯ ಇವರು ಕೇಳಿದ್ದು ಮೆಟ್ಟಿಲ ಮೇಲೆ, ಹೆಲ್ಮೆಟ್ ಹಾಕ್ಕೊಂಡು."

ಅಂಥ ಮಾತೇ ನಡೆದಿಲ್ಲ ಎಂದ ಏಡ್ರಿಯನ್. ಶಾಂತವಾಗಿ ಹೇಳಿದ, ಹೇಳುವಾಗ ನನ್ನತ್ತ ಒಂದು ಬಗೆಯ ಕನಿಕರದಿಂದ ನೋಡಿದ. ಹಾಳೆಗಳ ಮೇಲೆ ಹಾಕಿದ ಅದೇ ಕನಿಕರ.

ಫಿಲಿಪಾ ಬೆರಿಲ್‌ಗೆ ಇಲ್ಲಿಯವರೆಗಿನದನ್ನು ಓದಲು ಹೇಳಿದರು. ಬೆರಿಲ್ ಗಂಟಲು ಸರಿಪಡಿಸಿಕೊಂಡು ಓದಿದಳು. 'ತಮಗೆ ಸಾಕಷ್ಟು ಸೂಪರ್‌ವಿಷನ್ ದೊರೆಯಲಿಲ್ಲ ಎಂದು ಹೈಮಾ ಅವರಿಗೆ ಅನ್ನಿಸಿದೆ.'

ಅವಳ ತಪ್ಪಲ್ಲ. ಈ ಕಟ್ಟಡದಲ್ಲಿ ಎಲ್ಲ ನಡಾವಳಿಗಳನ್ನೂ ಹೀಗೆಯೇ ಬರೆಯುತ್ತಾರೆ. ಮ್ಯಾನೇಜರರು ತಿಳಿಸುತ್ತಾರೆ, ಡಾಕ್ಟರು ದೃಢಪಡಿಸುತ್ತಾರೆ, ತಾಯಂದಿರಿಗೆ ಅನ್ನಿಸುತ್ತದೆ, ನಮ್ಮಂಥವರಿಗೂ ಅನ್ನಿಸುತ್ತದೆ.

"ನನಗೆ ಏನೂ ಅನ್ನಿಸಿಲ್ಲ," ಎಂದೆ. ನನ್ನ ದನಿ ಕೋಣೆಗೆ ಬೇಕಾದದ್ದಕ್ಕಿಂತ ದೊಡ್ಡದಾಗಿತ್ತು. "ಸಾಕಷ್ಟು ಅನ್ನೋದನ್ನೂ ತೆಗೀರಿ. ಸ್ವಲ್ಪ ಕೊಟ್ಟಿದ್ರೆ ಸಾಕಾಗಲಿಲ್ಲ ಅನ್ನಬಹುದಿತ್ತು. ಕೊಟ್ಟಿಲ್ಲ. ಇರ್ಲಿಲ್ಲ ಅಂತ ಬರೀರಿ."

"ನೀವು ಹೇಳಿದ್ದು ಅಂತ ತಾನೇ ಬರೆಯೋಕಾಗೋದು?" ಎಂದರು ಫಿಲಿಪಾ. "ಯಾರ ಮಾತು ನಿಜ ಅಂತ ನಾನಿನ್ನೂ ತೀರ್ಮಾನ ಮಾಡಿಲ್ಲ."

"ಹಾಗಾದ್ರೆ ಹೇಳಿದಳು ಅಂತ ಬರೀರಿ. ಅನ್ನಿಸಿತು ಅಂತ ಬೇಡ. ಹಾಗೇ ಅವರಿಗೂ ಹೇಳಿದರು ಅಂತಲೇ ಬರೀರಿ. 'ನೀಡಲಾಗಿತ್ತು' ಬೇಡ. ನೀಡಿದೆ ಅಂತ ಏಡ್ರಿಯನ್ ಹೇಳಿದರು, ಹಾಗಿರಲಿ."

ಏಡ್ರಿಯನ್‌ನ ಕೈ ಫೋಲ್ಡರಿನ ಮೇಲೆ ಸರಿದಾಡಿತು. ಅಷ್ಟೂ ದಿನದಲ್ಲಿ ಮೊದಲ ಬಾರಿಗೆ ಅವನ ಮುಖದಲ್ಲಿ ಸಭ್ಯತೆ ಇಲ್ಲದ್ದನ್ನು ಕಂಡೆ. ಇದು ಪದಗಳ ಜಗಳ, ಮಗುವಿನ ವಿಷಯಕ್ಕೆ ಬರೋಣ ಎಂದ.

ಫಿಲಿಪಾ ಕನ್ನಡಕವನ್ನು ಕೆಳಗಿಳಿಸಿ ನನ್ನನ್ನು ಸರಿಯಾಗಿ ನೋಡಿದರು. ನಾನು ಕಾಯುತ್ತಿದ್ದ ಪ್ರಶ್ನೆ ಆಗ ಬಂತು.

"ನೀವು ಹೇಳಿದ್ದನ್ನ ಹಾಗೇ ಬರ್ಕೊಂಡ್ರೆ, ಸೂಪರ್‌ವಿಷನ್ ಇಲ್ಲದೆ ಇಷ್ಟು ಮಕ್ಕಳ ಕೆಲಸ ಮಾಡಿದೆ ಅಂತ ನೀವೇ ಒಪ್ಕೊಂಡ ಹಾಗೆ. ನಿಯಮದ ಪ್ರಕಾರ ನೀವು ನಿಲ್ಲಿಸಬೇಕಾಗಿತ್ತು. ಇದನ್ನ ನಾನು ಪಟ್ಟಿಯೋರಿಗೆ ಕಳಿಸಲೇಬೇಕಾಗುತ್ತೆ. ಗೊತ್ತಿದೆ ಅಲ್ವಾ?"

ಗೊತ್ತಿದೆ ಎಂದೆ.

"ಯಾಕೆ ನಿಲ್ಲಿಸಲಿಲ್ಲ?"

ವಾರದ ಕೂಲಿಯವಳು, ಭಯವಿತ್ತು ಎಂದರೆ ಅದೂ ನ್ಯಾಯವಾದ ಮಾತೇ, ಆದರೆ ಪೂರ್ತಿ ಅಲ್ಲ. ನಾನು ನಿಲ್ಲಿಸಿದ್ದರೆ ಆ ಮಕ್ಕಳ ಮನೆಗೆ ಆ ವಾರ ಯಾರು ಹೋಗುತ್ತಿದ್ದರು ಎಂದು ಕೇಳಬಹುದಿತ್ತು. ಅದು ಜಂಬದ ಮಾತಿನಂತೆ ಕೇಳಿಸೀತು, ಅದರ ಕೊನೆಯಲ್ಲಿ ಲೋಟಿ ಇದ್ದಾಳೆ.

"ನಿಲ್ಲಿಸಬೇಕಾಗಿತ್ತು," ಎಂದೆ. "ನಿಲ್ಲಿಸಲಿಲ್ಲ. ಇವರು ಕೊಡಬೇಕಾಗಿತ್ತು, ಕೊಡಲಿಲ್ಲ. ಎರಡನ್ನೂ ಬರೀರಿ. ಇವರದ್ದು ಮೊದಲು ಬರೀರಿ, ಯಾಕಂದ್ರೆ ಅದು ಮೊದಲು ಆದದ್ದು."

ಬೆರಿಲ್ ಬರೆದಳು. ಅಳಿಸಿ ಮತ್ತೆ ಬರೆದಳು. ಏಡ್ರಿಯನ್ ಗಡಿಯಾರ ನೋಡಿ, ತನಗೆ ಇನ್ನೊಂದು ಸಭೆ ಇದೆ, ಇದನ್ನು ಆಮೇಲೆ ಕಳಿಸಿದರೆ ಸಾಕಲ್ಲವೇ ಎಂದ. ಫಿಲಿಪಾ, ಇಬ್ಬರೂ ಇಲ್ಲಿಯೇ ಓದಿ ಸಹಿ ಹಾಕಿ ಹೋಗಿ ಎಂದರು. ಆಗ ಅವನು ಕುಳಿತಲ್ಲೇ ಇನ್ನೂ ಸ್ವಲ್ಪ ನೇರವಾದ.

ಹಾಳೆ ಮುದ್ರಣವಾಗಿ ಬಂದು ಮೇಜಿನ ನಡುವೆ ಬಿತ್ತು. ಏಡ್ರಿಯನ್ ಎಳೆದುಕೊಂಡು ಓದಿದ. ತುಂಬ ಹೊತ್ತು ಓದಿದ, ಅಷ್ಟು ಹೊತ್ತು ಓದಲು ಅದರಲ್ಲಿ ಏನೂ ಇರಲಿಲ್ಲ. 'ಪ್ರತಿ ತಿಂಗಳೂ ನಾನು ಸೂಪರ್‌ವಿಷನ್ ನೀಡಿದೆ ಎಂದು ಏಡ್ರಿಯನ್ ಸ್ಕೇಲ್ಸ್ ಹೇಳಿದರು.' ನಾನು ಎಂಬ ಪದದ ಮೇಲೆ ಅವನ ಪೆನ್ನಿನ ತುದಿ ನಿಂತಿತ್ತು. ಇದನ್ನು ತನ್ನ ವಕೀಲರಿಗೆ ತೋರಿಸಿ ಆಮೇಲೆ ಸಹಿ ಹಾಕುತ್ತೇನೆ ಎಂದು ಕೊನೆಗೆ ಹೇಳಿದ. ಫಿಲಿಪಾ ಅದನ್ನೂ ಬರೆದುಕೊಳ್ಳಿ ಎಂದು ಬೆರಿಲ್‌ಗೆ ಸನ್ನೆ ಮಾಡಿದರು.

ಹಾಳೆ ನನ್ನ ಕಡೆ ಬಂತು. ನನ್ನ ಭಾಗವನ್ನು ಒಂದು ಸಲ ಓದಿದೆ. 'ತಮಗೆ ಸೂಪರ್‌ವಿಷನ್ ಇರಲಿಲ್ಲ ಎಂದು ಹೈಮಾ ಹೇಳಿದರು. ಆದರೂ ತಾವು ಕೆಲಸ ನಿಲ್ಲಿಸಲಿಲ್ಲ ಎಂದು ಹೇಳಿದರು.' ಬೆರಿಲ್ ತನ್ನ ಪೆನ್ನನ್ನು ನನ್ನತ್ತ ಉರುಳಿಸಿದಳು. ಎಲ್ಲಿ ಸಹಿ ಹಾಕಬೇಕು ಎಂದು ಕೇಳಿ, ಅವಳು ಬೆರಳಿಟ್ಟು ತೋರಿಸಿದ ಕಡೆ ನನ್ನ ಪೂರ್ತಿ ಹೆಸರನ್ನು ಬರೆದೆ.